ಕೂಸಲ್ಲ, ಗಡ್ಡೆ

ಹೋದ ವರ್ಷ ಮಂಡಿನೋವಿಗೆಂದು ಮೊಮ್ಮಗಳು ನನ್ನನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ನಮ್ಮ ಎದುರಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕಾಲೇಜಿಗೆ ಹೋಗುವ ವಯಸ್ಸು. ಕೊರಳಲ್ಲಿ ತಾಳಿಯಿಲ್ಲ, ಹೊಟ್ಟೆ ಮುಂದೆ ಬಂದಿದೆ. ಅವಳ ತಾಯಿ ಶಾಲನ್ನು ಎಳೆದೆಳೆದು ಮಗಳ ಹೊಟ್ಟೆಯ ಮೇಲೆ ಹೊದಿಸುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬಹಳ ಮೆತ್ತಗೆ, ಕಾಳಜಿಯಿಂದ ಕೇಳುವವರ ಹಾಗೆ, ಹುಡುಗಿಗೆ ಮದುವೆ ಆಗಿದೆಯಾ ಎಂದು ಕೇಳಿದಳು. ಆಮೇಲೆ ಬೆಂಚಿನಲ್ಲಿದ್ದ ಯಾರೂ ಮೊಬೈಲು ನೋಡಲಿಲ್ಲ, ಹುಡುಗಿಯನ್ನೇ ನೋಡಿದರು.

ಆ ಕಣ್ಣುಗಳು ನನಗೆ ಗೊತ್ತು. ಎಂಬತ್ತು ವರ್ಷದ ಹಿಂದೆ ಸೊರಬದ ದವಾಖಾನೆಯ ಜಗಲಿಯಲ್ಲಿ ಅವೇ ಕಣ್ಣುಗಳು ನನ್ನನ್ನು ನೋಡಿದ್ದವು. ಹುಡುಗಿಯ ಹೊಟ್ಟೆಯೊಳಗೆ ಗಡ್ಡೆ ಇತ್ತಂತೆ, ಶಿವಮೊಗ್ಗದಲ್ಲಿ ತೆಗೆದರಂತೆ, ಈಗ ಆರಾಮಾಗಿದ್ದಾಳಂತೆ. ಅದನ್ನು ಕೇಳಿದ ಮೇಲೆ, ನನ್ನದನ್ನೂ ಹೇಳಿಬಿಡುತ್ತೇನೆ, ಬರೆದುಕೋ ಎಂದು ಮೊಮ್ಮಗಳಿಗೆ ಹೇಳಿದೆ. ಇಲ್ಲಿನ ಬರಹದ ಭಾಷೆ ಅವಳದು, ಅನುಮಾನಗಳೆಲ್ಲ ನನ್ನವು. ಇವತ್ತಿಗೂ ಯಾವ ಮಾತ್ರೆ ಕೊಟ್ಟರೂ ಅದು ಯಾತಕ್ಕೆ ಎಂದು ಎರಡು ಸಲ ಕೇಳದೆ ನಾನು ನುಂಗುವುದಿಲ್ಲ. ಮನೆಯವರು ನಗುತ್ತಾರೆ, ನಗಲಿ.

ನನ್ನ ತವರು ತೊಗರ್ಸಿ. ಕೊಟ್ಟ ಮನೆ ಸೊರಬದ ಕಡೆಯ ಜಡೆ ಎಂಬ ಊರು. ಈಗ ಅದೇನು ದೂರವೇ ಅಲ್ಲ, ಆಗ ಅದು ಬೇರೆ ಸೀಮೆ. ನಮ್ಮದು ಬಯಲಿನ ನೀರು, ಅವರದು ಮಲೆನಾಡ ಅಂಚಿನ ನೀರು. ಸೊರಬದ ಕಡೆಗೆ ಹೆಣ್ಣು ಕೊಟ್ಟರೆ ಜ್ವರಕ್ಕೆ ಕೊಟ್ಟ ಹಾಗೆ ಎಂದು ನಮ್ಮೂರಲ್ಲಿ ಆಡಿಕೊಳ್ಳುತ್ತಿದ್ದರು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗ ಒಳ್ಳೆಯವನು, ಮೋಟಾರು ಕೆಲಸ ಬಲ್ಲವನು, ಅಷ್ಟು ಸಾಕಾಗಿತ್ತು.

ಯಜಮಾನರ ಹೆಸರು ಹೇಳುವ ರೂಢಿ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ, ಅವರು ಎಂದೇ ಹೇಳುತ್ತೇನೆ. ಅವರು ಇದ್ದಿಲು ಹಾಕಿ ಓಡಿಸುವ ಬಸ್ಸಿನಲ್ಲಿ ಮೊದಲು ಕ್ಲೀನರ್, ಆಮೇಲೆ ಡ್ರೈವರ್. ಯುದ್ಧ ಜೋರಾಗಿ ಲಾರಿ ಓಡಿಸಬಲ್ಲವರು ಬೇಕು ಎಂದಾಗ ಮಿಲಿಟರಿಗೆ ಸೇರಿದರು. ನಾನು ಗಂಡನ ಮನೆಗೆ ಬಂದು ಒಂದು ಸುಗ್ಗಿ ಕಳೆದಿತ್ತು, ಅಷ್ಟೇ. ಬರ್ಮಾ ಕಡೆ ಹೋಗಿದ್ದಾರೆ ಎಂದು ಮಾತ್ರ ಗೊತ್ತಿತ್ತು. ಮನೆಯಲ್ಲಿ ಉಳಿದವರು ಅತ್ತೆ, ಮದುವೆಯಾಗದ ಭಾವ, ನಾನು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಅವರು ಯುದ್ಧಕ್ಕೆ ಹೋಗಿ ವರ್ಷ ದಾಟಿದ ಮೇಲೆ, ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ಜ್ವರ ಬಂತು. ಮೊದಲು ನಡುಕ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ಭಾವ ಮೇಲಿಂದ ಗೋಣಿಚೀಲ ಹಾಕಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಬೆಂಕಿಯಂಥ ಕಾವು. ಆಮೇಲೆ ಬೆವರು, ಸೀರೆ ಹಿಂಡಿದರೆ ನೀರು ಬರುವಷ್ಟು. ಒಂದು ದಿನ ಬಿಟ್ಟು ಒಂದು ದಿನ ಇದೇ. ನಡುವಿನ ದಿನ ಎದ್ದು ಕಸ ಗುಡಿಸುತ್ತಿದ್ದೆ, ನೀರು ತರುತ್ತಿದ್ದೆ. ಹಾಗಾಗಿ ಅತ್ತೆಗೆ ಮೊದಲ ಅನುಮಾನ ಬಂದದ್ದು, ಇದು ಕೆಲಸಗಳ್ಳತನದ ಜ್ವರ ಎಂದು. ನಿನ್ನೆ ಬಿಂದಿಗೆ ಹೊತ್ತವಳು ಇವತ್ತು ಹೇಗೆ ನಡುಗುತ್ತಾಳೆ ಎಂದು ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ಈ ಚಳಿಜ್ವರಕ್ಕೆ, ಈಗ ಮಲೇರಿಯಾ ಎನ್ನುತ್ತಾರೆ, ಮೊದಲೆಲ್ಲ ಅಂಚೆ ಕಚೇರಿಯಲ್ಲಿ ಕ್ವಿನೈನ್ ಪೊಟ್ಟಣ ಸಿಗುತ್ತಿತ್ತಂತೆ. ಆ ವರ್ಷ ಅದು ಎಲ್ಲಿಯೂ ಇಲ್ಲ. ಎಲ್ಲವೂ ಸಿಪಾಯಿಗಳಿಗೆ ಹೋಗುತ್ತದೆ ಎಂದರು ಕೆಲವರು. ಸಂತೆಯಲ್ಲಿ ಕದ್ದು ಮಾರುವ ಪುಡಿಯಲ್ಲಿ ಸುಣ್ಣ ಬೆರೆಸುತ್ತಾರೆ ಎಂದರು ಇನ್ನು ಕೆಲವರು. ಯಾವುದನ್ನು ನಂಬುವುದು? ಆ ವರ್ಷ ನಂಬುವುದು ಎನ್ನುವುದೇ ಊರಿನಲ್ಲಿ ತೀರಿಹೋಗಿತ್ತು. ಅಮಲ್ದಾರರ ಜನ, ಸರ್ಕಾರಕ್ಕೆ ಕೊಡಲೇಬೇಕಾದ ಲೆವಿ ಭತ್ತಕ್ಕೆಂದು ಮನೆಮನೆ ಹುಡುಕುತ್ತಿದ್ದರು. ಯಾರು ಎಲ್ಲಿ ಭತ್ತ ಹುಗಿದಿದ್ದಾರೆ ಎಂದು ಯಾರೋ ಹೇಳಿಕೊಡುತ್ತಿದ್ದಾರೆ ಎಂಬ ಗುಮಾನಿ ಎಲ್ಲರಿಗೂ. ನೆಂಟರು ಬಂದರೂ ಬಾಗಿಲು ಅರ್ಧ ತೆರೆದು ಮಾತಾಡಿಸುತ್ತಿದ್ದರು.

ಯುಗಾದಿಯ ಹೊತ್ತಿಗೆ ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಬೆಳೆಯಿತು. ಎಡಪಕ್ಕೆಯಿಂದ ಶುರುವಾಗಿ ಹೊಕ್ಕುಳಿನ ತನಕ ಕಲ್ಲು ಇಟ್ಟ ಹಾಗೆ ಗಟ್ಟಿ. ಬಟ್ಟೆಗೂ ಕಂಟ್ರೋಲ್ ಇದ್ದ ಕಾಲ. ನನಗಿದ್ದದ್ದು ತೊಳೆದು ತೊಳೆದು ಸವೆದ ಎರಡು ಸೀರೆ. ಎಷ್ಟು ಸುತ್ತಿಕೊಂಡರೂ ಹೊಟ್ಟೆ ಮುಚ್ಚುತ್ತಿರಲಿಲ್ಲ. ರಕ್ತ ಬತ್ತಿ ಮುಟ್ಟು ನಿಂತಿತ್ತು. ಅತ್ತೆಗೆ ಅದೂ ಗೊತ್ತಿತ್ತು. ಒಂದೇ ಮನೆಯ ಹೆಂಗಸರಿಗೆ ಇಂಥದ್ದು ಗೊತ್ತಾಗದೆ ಇರುತ್ತದೆಯೇ?

ಅತ್ತೆ ಬೈಯಲಿಲ್ಲ, ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾತು ನಿಂತುಹೋಯಿತು. ಒಂದು ದಿನ ಒಲೆಯ ಮುಂದೆ ಕೂತಿದ್ದಾಗ ಬೆನ್ನು ತಿರುಗಿಸಿಕೊಂಡೇ, "ಮೇಷ್ಟ್ರ ಜಗ್ಲಿಗೆ ಇನ್ನು ಹೋಗಬ್ಯಾಡ" ಎಂದರು.

ಆಗ ನನಗೆ ಎಲ್ಲ ಅರ್ಥವಾಯಿತು.

ಮೇಷ್ಟ್ರು ಮೈಸೂರು ಕಡೆಯವರು, ಒಂಟಿ ಮನುಷ್ಯ. ಶಾಲೆ ಬಿಟ್ಟ ಮೇಲೆ ತಮ್ಮ ಜಗಲಿಯಲ್ಲಿ ಕೂತು ಹಳೆಯ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಹತ್ತಾರು ಜನ ಗಂಡಸರು ಕೂತು ಯುದ್ಧದ ಸುದ್ದಿ ಕೇಳುತ್ತಿದ್ದರು. ಬರ್ಮಾ ಎಂಬ ಹೆಸರು ಬರುತ್ತದೆಯೋ ಎಂದು ನಾನು ಗೋಡೆಯ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಮೊದಲು ನನ್ನನ್ನು ಅಲ್ಲಿಗೆ ಕಳಿಸಿದ್ದೇ ಅತ್ತೆ, ಮಗನ ಸುದ್ದಿ ತಿಳಿದುಕೊಂಡು ಬಾ ಎಂದು. ಮೇಷ್ಟ್ರು ನನ್ನ ಮುಖವನ್ನು ಸರಿಯಾಗಿ ನೋಡಿದ್ದರೋ ಇಲ್ಲವೋ. ನಾನು ಅವರ ಜೊತೆ ಒಂದು ಮಾತೂ ಆಡಿದವಳಲ್ಲ.

ಇಷ್ಟಾದ ಮೇಲೆ ಅನುಮಾನ ನನಗೂ ಅಂಟಿಕೊಂಡಿತು. ಅತ್ತೆ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಮಾಡಿ ಕೊಡಲು ಶುರುಮಾಡಿದರು. ಕಪ್ಪಗೆ, ಬಾಯಿಗಿಟ್ಟರೆ ಕರುಳು ಕಿತ್ತು ಬರುವಷ್ಟು ಕಹಿ. ಜ್ವರಕ್ಕೆ ಎಂದರು. ಬಸಿರು ಇಳಿಸಲು ಏನೇನೋ ಬೇರು ಅರೆದು ಕೊಡುತ್ತಾರೆ, ಅದರಲ್ಲಿ ಎಷ್ಟೋ ಹೆಂಗಸರು ಸತ್ತಿದ್ದಾರೆ ಎಂದು ತವರಲ್ಲಿ ಕೇಳಿದ್ದೆ. ನನ್ನ ಹೊಟ್ಟೆಯಲ್ಲಿ ಇಳಿಸಲು ಏನೂ ಇಲ್ಲ. ಹಾಗಿದ್ದರೆ ಅದು ಏನನ್ನು ಇಳಿಸುತ್ತದೆ? ನನ್ನನ್ನೇ. ಅತ್ತೆ ಆ ಕಡೆ ತಿರುಗಿದ ಕೂಡಲೇ ಲೋಟವನ್ನು ಕಲಗಚ್ಚಿನ ಬಾನಿಗೆ ಸುರಿದೆ. ಕಲಗಚ್ಚು ಎಮ್ಮೆಗೆ ಹೋಗುತ್ತದೆ ಎಂದು ನೆನಪಾದದ್ದು ಎಮ್ಮೆ ಕುಡಿದ ಮೇಲೆ. ಅದು ಗಬ್ಬದ ಎಮ್ಮೆ. ಆವತ್ತಿಡೀ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅದನ್ನೇ ನೋಡಿದೆ. ಅದು ಮೆಲುಕು ಹಾಕುತ್ತಾ ನನ್ನನ್ನು ನೋಡಿತು. ಮರುದಿನವೂ ಸುರಿದೆ, ಅದರ ಮರುದಿನವೂ. ಎಮ್ಮೆಗೆ ಏನೂ ಆಗಲಿಲ್ಲ, ಕಾಲಕ್ಕೆ ಸರಿಯಾಗಿ ಕರು ಹಾಕಿತು. ಅದು ನೆಲಬೇವಿನ ಕಷಾಯವೇ ಇದ್ದಿರಬೇಕು. ನಾನು ಅದನ್ನು ಕುಡಿದಿದ್ದರೆ ಸ್ವಲ್ಪ ಬೇಗ ಗುಣವಾಗುತ್ತಿದ್ದೆನೋ ಏನೋ. ಆದರೆ ಆಗ ಅಮೃತ ಕೊಟ್ಟಿದ್ದರೂ ಕುಡಿಯುತ್ತಿರಲಿಲ್ಲ.

ಸೊರಬಕ್ಕೆ ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದವರು ಭಾವ. ಅವರು ಮಾತು ಕಡಿಮೆಯ ಮನುಷ್ಯ. ಹುಡುಗಿ ಸತ್ತರೆ ತಮ್ಮನಿಗೆ ಏನು ಹೇಳುವುದು ಎಂದು ಕೇಳಿದರಂತೆ. ಅತ್ತೆ ಒಪ್ಪಿದ್ದು ಬೇರೆ ಕಾರಣಕ್ಕೆ. ಡಾಕ್ಟರ ಬಾಯಿಂದಲೇ ತಿಂಗಳು ಎಷ್ಟು ಎಂದು ಕೇಳಿಬಿಡಬೇಕು ಎಂದು ಅವರ ಲೆಕ್ಕ. ಬೆಳಗಿನ ಜಾವವೇ ಭಾವ ಗಾಡಿ ಕಟ್ಟಿದರು. ನಾನು ಹುಲ್ಲಿನ ಮೇಲೆ ಮಲಗಿದ್ದೆ. ಊರು ದಾಟುವ ತನಕ ಅತ್ತೆ ನನ್ನ ಮೇಲೆ ಕಂಬಳಿ ಎಳೆದಿದ್ದರು. ಚಳಿಗಲ್ಲ, ಅದು ಬಿರುಬೇಸಿಗೆ.

ದವಾಖಾನೆಯ ಜಗಲಿಯಲ್ಲಿ ನನ್ನಂತೆಯೇ ನಡುಗುವವರು, ಕೆಮ್ಮುವವರು, ಔಷಧಿಗೆಂದು ಖಾಲಿ ಬಾಟಲಿ ಹಿಡಿದವರು ಬೇಕಾದಷ್ಟು ಜನ. ನಾನು ಹೋಗಿ ಕೂತ ಕೂಡಲೇ ಅಕ್ಕಪಕ್ಕದ ಹೆಂಗಸರು ನನ್ನ ಹೊಟ್ಟೆಯನ್ನೂ ಅತ್ತೆಯ ಮುಖವನ್ನೂ ನೋಡಿದರು. ಗಂಡ ಎಲ್ಲಿ ಎಂದು ಒಬ್ಬಳು ಕೇಳಿದಳು. ಮಿಲಿಟರಿಯಲ್ಲಿ ಎಂದೆ. ಹೋಗಿ ಎಷ್ಟು ದಿನ ಆಯಿತು ಎಂದು ಕೇಳಿದಳು. ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಎರಡೂ ಪಕ್ಕ ಜಾಗ ಖಾಲಿಯಾಗಿತ್ತು.

ಆ ಖಾಲಿ ಜಾಗಕ್ಕೆ ಸೊರಬ ಪೇಟೆಯ ಕಲಾಯಿ ಹಾಕುವವರ ಮನೆಯ ಹೆಂಗಸೊಬ್ಬಳು ಬಂದು ಕೂತಳು. ಕಂಕುಳಲ್ಲಿ ಮಗು, ಕೈಯಲ್ಲಿ ಬಾಟಲಿ. ಬಾಟಲಿ ತೊಳೆದು ತರಬೇಕಿತ್ತು, ಮಗುವನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಸುತ್ತ ಅಷ್ಟು ಜನ ಇದ್ದರೂ ನನ್ನನ್ನೇ ನೋಡಿ, "ಕೂಸನ್ನ ಸ್ವಲ್ಪ ಹಿಡ್ಕೊಂತಿಯೇನಮ್ಮ?" ಎಂದು ನನ್ನ ತೊಡೆಯ ಮೇಲೆ ಮಲಗಿಸಿ ಹೋದಳು. ಮಗುವಿನ ತಲೆಯಲ್ಲಿ ಎಣ್ಣೆಯ ವಾಸನೆ ಇತ್ತು. ಅವಳು ಬರುವ ತನಕ ಅಳದೆ ನನ್ನ ಬೆರಳು ಹಿಡಿದುಕೊಂಡಿತ್ತು. ಅವಳ ಹೆಸರು ಕೇಳಲು ನನಗೆ ಆಗ ತೋಚಲಿಲ್ಲ. ಆ ದಿನ ನನ್ನನ್ನು ನಂಬಿದ ಒಬ್ಬಳೇ ಹೆಂಗಸು ಅವಳು.

ಡಾಕ್ಟರು ಒಳಗೆ ಕರೆದಾಗ ಅತ್ತೆ ನನ್ನನ್ನು ಹಿಂದೆ ಸರಿಸಿ ತಾವೇ ಮುಂದೆ ನಿಂತು, "ಎಷ್ಟು ತಿಂಗ್ಳು ಅಂತ ಹೇಳ್ರಿ, ಸಾಕು" ಎಂದರು. ಡಾಕ್ಟರು ನನ್ನನ್ನು ಮಲಗಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬಲಕ್ಕೆ ಹೊರಳಿಸಿ, ಉಸಿರು ಎಳೆದುಕೊಳ್ಳಲು ಹೇಳಿ, ಎಡಪಕ್ಕೆಯ ಕೆಳಗೆ ಬೆರಳೊತ್ತಿದರು. ಪ್ರಾಣ ಹೋದಂತಾಯಿತು. ಆಮೇಲೆ ಕೈ ತೊಳೆಯುತ್ತಾ ಹೇಳಿದರು, "ಇದು ಕೂಸಲ್ಲ ಕಣಮ್ಮ, ಗಡ್ಡೆ. ಜ್ವರದ ಗಡ್ಡೆ. ಚಳಿಜ್ವರಕ್ಕೆ ಗುಲ್ಮ ಊದಿ ಹೀಗಾಗಿದೆ. ಇನ್ನೊಂದೆರಡು ತಿಂಗಳು ಹೀಗೇ ಬಿಟ್ಟಿದ್ರೆ ನಿಮ್ಮ ಸೊಸೆ ಉಳೀತಿರಲಿಲ್ಲ."

ನನಗೆ ಅಳು ಬಂತು. ಸಾಯುತ್ತಿದ್ದೆ ಎಂದು ಕೇಳಿ ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ಇನ್ನು ಮುಗಿಯಿತು, ಅತ್ತೆ ನಂಬುತ್ತಾರೆ ಎಂದುಕೊಂಡೆ.

ಗಾಡಿಯಲ್ಲಿ ಅರ್ಧ ದಾರಿ ಬಂದ ಮೇಲೆ ಅತ್ತೆ ಭಾವನನ್ನು ಕೇಳಿದರು: ಆ ಡಾಕ್ಟರು ಯಾವ ಕಡೆಯವರು? ಮೈಸೂರು ಕಡೆಯವರಿರಬೇಕು ಎಂದರು ಭಾವ. ಅತ್ತೆ "ಹ್ಞೂಂ" ಎಂದರು. ಅಷ್ಟೇ. ಮೇಷ್ಟ್ರೂ ಮೈಸೂರು ಕಡೆಯವರು.

ಕ್ವಿನೈನ್ ಇಲ್ಲ ಎಂದು ಡಾಕ್ಟರು ಹಳದಿ ಮಾತ್ರೆ ಕೊಟ್ಟಿದ್ದರು, ಸಿಪಾಯಿಗಳಿಗೆಂದು ಬಂದದ್ದಂತೆ. ಕೆಲವು ದಿನ ನುಂಗಿದ ಮೇಲೆ ನಡುಕ ಕಡಿಮೆಯಾಯಿತು, ಆದರೆ ಮೈಯೆಲ್ಲ ಅರಿಸಿನ ಬಳಿದ ಹಾಗೆ ಹಳದಿಯಾಯಿತು. ಅಂಗೈ, ಉಗುರು, ಮುಖ ಎಲ್ಲ. ಡಾಕ್ಟರು ಮೊದಲೇ ಹೇಳಿದ್ದರು, ಆದರೂ ಕನ್ನಡಿ ನೋಡಿ ಹೆದರಿದೆ. ಊರಿಗೆ ಮಾತಾಡಲು ಹೊಸ ವಿಷಯ ಸಿಕ್ಕಿತು. ಬಸಿರು ಇಳಿಸಲು ಸೊರಬಕ್ಕೆ ಹೋಗಿದ್ದರು, ಅದರ ವಿಷ ಮೈಗೇರಿದೆ ಎಂದರು. ಹೊಟ್ಟೆ ಇದ್ದಾಗ ಬಸಿರು ಎಂದರು, ಹೊಟ್ಟೆ ಕರಗುತ್ತಾ ಬಂದ ಹಾಗೆ ತೆಗೆಸಿದರು ಎಂದರು. ಅನುಮಾನಕ್ಕೆ ಎಲ್ಲವೂ ಮೇವೇ.

ಆ ಹೊತ್ತಿಗೆ ಜರ್ಮನಿ ಸೋತ ಸುದ್ದಿ ಬಂತು, ಹೆಚ್ಚುಕಡಿಮೆ ಅದರ ಜೊತೆಗೇ ಬರ್ಮಾದ ರಂಗೂನು ಜಪಾನಿನವರ ಕೈತಪ್ಪಿದ ಸುದ್ದಿ. ಯುದ್ಧ ಮುಗಿಯಿತು, ಮಗ ನಾಳೆ ಬರುತ್ತಾನೆ ಎಂದು ಅತ್ತೆ ಬಾಗಿಲಲ್ಲಿ ಕೂತರು. ಜಪಾನಿನವರು ಇನ್ನೂ ಸೋತಿಲ್ಲ ಎಂದು ಹೇಳಿದರೆ, ಅದನ್ನು ನಿನಗೆ ಯಾರು ಹೇಳಿದರು ಎಂದು ನನ್ನ ಮುಖ ನೋಡಿದರು. ಮಳೆಗಾಲದ ನಡುವೆ ಎರಡು ಬಾಂಬಿಗೆ ಎರಡು ಊರೇ ಸುಟ್ಟುಹೋದವು, ಜಪಾನ್ ಶರಣಾಯಿತು ಎಂದು ಕೇಳಿದೆವು. ಅದನ್ನೂ ಯಾರೂ ನಂಬಲಿಲ್ಲ. ಒಂದು ಬಾಂಬಿಗೆ ಒಂದು ಊರು ಹೋಗುವುದುಂಟೇ, ಸರ್ಕಾರದವರು ಭತ್ತ ಕೇಳಲು ಇನ್ನೊಂದು ಸುಳ್ಳು ಕಟ್ಟಿದ್ದಾರೆ ಎಂದರು. ಸೊರಬದ ಶಾಲೆಯಲ್ಲಿ ಮಕ್ಕಳಿಗೆ ಮಿಠಾಯಿ ಹಂಚಿದ ಮೇಲೆ, ಇರಬಹುದು ಎಂದರು. ನಮ್ಮೂರ ಶಾಲೆಯಲ್ಲಿ ಮಿಠಾಯಿ ಹಂಚಲು ಮೇಷ್ಟ್ರು ಇರಲಿಲ್ಲ. ಯಾರೋ ಅವರ ಜಗಲಿಗೆ ಸಗಣಿ ಎರಚಿದ್ದರು. ಅವರು ಪೇಪರ್ ಓದುವುದನ್ನು ನಿಲ್ಲಿಸಿ, ವರ್ಗ ಮಾಡಿಸಿಕೊಂಡು ಹೊರಟುಹೋಗಿದ್ದರು. ಆ ಪಾಪದ ಮನುಷ್ಯನಿಗೆ ಯಾತಕ್ಕೆ ಹಾಗಾಯಿತು ಎಂದು ಗೊತ್ತಿತ್ತೋ ಇಲ್ಲವೋ. ನನ್ನ ಕಾಯಿಲೆಯನ್ನು ನೆನೆದಾಗಲೆಲ್ಲ ನೋವಿಗಿಂತ ಮೊದಲು ನೆನಪಾಗುವುದು ಅವರೇ.

ಯುದ್ಧ ಮುಗಿದರೂ ಯಜಮಾನರು ಬರಲಿಲ್ಲ. ಸಿಪಾಯಿಗಳನ್ನು ಬಿಡುವುದು ನಿಧಾನವಂತೆ. ಬಂದದ್ದು ಮರುವರ್ಷ ಯುಗಾದಿ ಕಳೆದ ಮೇಲೆ. ಅಂಗಳದಲ್ಲಿ ನಿಂತವರನ್ನು ನೋಡಿ ನಾನು ಗುರುತು ಹಿಡಿಯಲಿಲ್ಲ. ಬತ್ತಿದ ಕೆನ್ನೆ, ಹಳದಿ ಮುಖ. ಅವರೂ ಅದೇ ಮಾತ್ರೆ ತಿಂದಿದ್ದರು.

ಅವರು ಯಾರ ಮನೆಯಲ್ಲೂ ಊಟ ಮಾಡುತ್ತಿರಲಿಲ್ಲ. ಬೆನ್ನ ಹಿಂದೆ ಯಾರಾದರೂ ನಿಂತರೆ ಎದ್ದು ಗೋಡೆಗೆ ಒರಗಿ ಕೂರುತ್ತಿದ್ದರು. ಒಂದು ಹಿಡಿ ಅಕ್ಕಿಯನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದರು. ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು, ಆದರೆ ಏನನ್ನೋ ನುಂಗಿಕೊಂಡು ಮಾತಾಡುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಸೊರಬದಲ್ಲಿ ಬಸ್ಸು ಇಳಿದಾಗಲೇ ಯಾರೋ ಕಿವಿಯಲ್ಲಿ ಊದಿದ್ದರು.

ಒಂದು ಮಧ್ಯಾಹ್ನ ಬಾವಿಯ ಹತ್ತಿರ ನಾನು ಬಟ್ಟೆ ಒಗೆಯುತ್ತಿದ್ದೆ. ಅವರು ನೀರು ಸೇದಿ ಕೊಡುತ್ತಿದ್ದರು. ಹಗ್ಗವನ್ನೇ ನೋಡುತ್ತಾ ಕೇಳಿದರು, "ಶಾಲೆ ಮೇಷ್ಟ್ರು ಇದ್ರಲ್ಲ, ಅವ್ರು ಎಲ್ಲಿಗೆ ಹೋದ್ರು?"

ನಾನು ಸೀರೆ ಹಿಂಡುವುದನ್ನು ನಿಲ್ಲಿಸಿದೆ. ಆ ಪ್ರಶ್ನೆಗಾಗಿ ಎಷ್ಟೋ ತಿಂಗಳಿಂದ ಕಾದಿದ್ದೆ. ಏನೇನು ಉತ್ತರ ಹೇಳಬೇಕು ಎಂದು ಒಲೆಯ ಮುಂದೆ ಕೂತು ಕಲಿತಿದ್ದೆ. ಅವನ್ನೆಲ್ಲ ಬಿಟ್ಟು, ಎದ್ದು ಹೋಗಿ ಅವರ ಕೈ ಹಿಡಿದು ನನ್ನ ಎಡಪಕ್ಕೆಯ ಕೆಳಗೆ ಒತ್ತಿಸಿಕೊಂಡೆ. ಗಡ್ಡೆ ಕರಗಿತ್ತು, ಪೂರ್ತಿ ಹೋಗಿರಲಿಲ್ಲ. ಒಂದು ಅಂಚು ಇನ್ನೂ ಸಿಗುತ್ತಿತ್ತು.

ಅವರ ಬೆರಳು ಅಲ್ಲಿ ನಿಂತಿತು. ಮುಖ ಬದಲಾಯಿತು.

"ಇದು ಗಡ್ಡೆ" ಎಂದರು. "ನಮ್ಮ ಕಂಪ್ನಿಯಾಗೆ ಅರ್ಧ ಜನಕ್ಕೆ ಇತ್ತು. ನಂಗೂ ಐತೆ. ಮಂಚ ಸಾಲದೆ ನಮ್ಮನ್ನ ನೆಲದ ಮ್ಯಾಲೆ ಮಲಗಿಸಿದ್ರು." ಕೈ ತೆಗೆಯದೆಯೇ, "ಹೊಟ್ಟೆ ನೋಡಿ ಅಲ್ಲಿ ಗಂಡಸರು ಗಂಡಸರಿಗೇ ಚಾಷ್ಟಿ ಮಾಡ್ತಿದ್ರು, ಎಷ್ಟು ತಿಂಗ್ಳು ಅಂತ" ಎಂದರು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆವತ್ತಿನಿಂದ ಅವರು ಆ ವಿಷಯ ಎತ್ತಲಿಲ್ಲ. ಅವರು ಒಳ್ಳೆಯವರು. ಆದರೂ ಹೇಳಬೇಕು, ಅವರು ಕೇಳಿದ್ದನ್ನು ನಾನು ಮರೆಯಲಿಲ್ಲ. ಕೈಗೆ ಗಡ್ಡೆ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಅವರ ಜೊತೆ ಬಾಳಿದ ಅಷ್ಟೂ ವರ್ಷ ಆಗಾಗ ಬಂದು ಹೋಗುತ್ತಿತ್ತು.

ಮಳೆಗಾಲ ಕಳೆದು ಮತ್ತೆ ಕೊಯ್ಲಿನ ಕಾಲಕ್ಕೆ ನನಗೆ ಮೈ ಸರಿಯಿಲ್ಲದಂತಾಯಿತು. ವಾಂತಿ, ತಲೆಸುತ್ತು, ಸಂಜೆಗೆ ಸಣ್ಣ ಚಳಿ. ಗಡ್ಡೆ ಮತ್ತೆ ಎದ್ದಿತು ಎಂದುಕೊಂಡೆ. ಆಗ ದವಾಖಾನೆಗಳಿಗೆ ಕ್ವಿನೈನ್ ಮತ್ತೆ ಬರುತ್ತಿತ್ತು. ಅವರು ಸೊರಬದಿಂದ ತಂದುಕೊಟ್ಟರು. ನಾನು ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಅತ್ತೆ ಬಂದು ನನ್ನ ಮುಂಗೈ ಹಿಡಿದರು.

"ಅದು ಬ್ಯಾಡ."

ಯಾಕೆ ಎಂದು ಕೇಳಿದೆ. ಮುಟ್ಟು ನಿಂತು ಎಷ್ಟು ದಿನವಾಯಿತು ಎಂದು ಕೇಳಿದರು. ಹೋದ ಸಲವೂ ನಿಂತಿತ್ತಲ್ಲ ಎಂದೆ. ನನ್ನ ದನಿ ಗಡುಸಾಗಿಯೇ ಇತ್ತು. ಅವರು ಕೈ ಬಿಡಲಿಲ್ಲ. "ಹೋದ ಸಲ ನಾ ತಪ್ಪು ತಿಳ್ಕಂಡೆ. ಈ ಸಲ ನೀ ತಪ್ಪು ತಿಳ್ಕಂಡಿ. ಕೊಯಿನ ತಗಂಡ್ರೆ ಕೂಸು ನಿಲ್ಲಲ್ಲ."

ನಾನು ನಂಬಲಿಲ್ಲ. ನನಗೆ ವಾಸಿಯಾಗುವುದು ಇವರಿಗೆ ಇಷ್ಟವಿಲ್ಲ ಎಂದೇ ಅಂದುಕೊಂಡೆ. ಆದರೂ ಮಾತ್ರೆ ನುಂಗದೆ ಸೆರಗಿನ ತುದಿಗೆ ಕಟ್ಟಿಕೊಂಡು, ಮರುದಿನ ಯಜಮಾನರ ಜೊತೆ ಸೊರಬಕ್ಕೆ ಹೋದೆ. ಅದೇ ಡಾಕ್ಟರು. ಎಡಪಕ್ಕೆ ಒತ್ತಿ ನೋಡಿದರು, ಕೆಳಹೊಟ್ಟೆ ಒತ್ತಿ ನೋಡಿದರು. "ಈ ಸಲ ಗಡ್ಡೆ ಅಲ್ಲ" ಎಂದು ನಕ್ಕರು. ಮಾತ್ರೆಯ ವಿಷಯ ಕೇಳಿದೆ. ಜ್ವರ ಇಲ್ಲದೆ ಅದನ್ನು ತೆಗೆದುಕೊಳ್ಳಬೇಡ, ನಿಮ್ಮತ್ತೆ ತಡೆದದ್ದು ಒಳ್ಳೆಯದಾಯಿತು ಎಂದರು. ಮನೆಗೆ ಬಂದಾಗ ಅತ್ತೆ ಒಂದು ತಟ್ಟೆಯಲ್ಲಿ ಹುಣಸೆಹಣ್ಣು ಉಪ್ಪು ನನ್ನ ಮುಂದಿಟ್ಟು ಕೊಟ್ಟಿಗೆಗೆ ಹೋದರು.

ಮೊದಲ ಹೆರಿಗೆ ತವರಲ್ಲಿ ಆಗುವುದು ಪದ್ಧತಿ. ಅಪ್ಪ ತೊಗರ್ಸಿಯಿಂದ ಕರೆಯಲು ಬಂದರು. ಅತ್ತೆ ಕಳಿಸುವುದಿಲ್ಲ ಎಂದರು. ಅಪ್ಪನಿಗೆ ಸಿಟ್ಟು ಬಂತು. ಮಗಳನ್ನು ಸಾಯಿಸಲು ಹೊರಟಿದ್ದು ಸಾಲದೇ ಎಂದು ಒಂದು ಮಾತು ಹೆಚ್ಚೇ ಆಡಿದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, "ಬೀಗ್ರೇ, ಇಲ್ಲೇ ಆಗ್ಲಿ. ಇಲ್ಲಿ ಆಡ್ಕಂಡೋರು ಇಲ್ಲೇ ನೋಡ್ಲಿ" ಎಂದರು. ಅಪ್ಪ ನನ್ನ ಕಡೆ ನೋಡಿದರು. ಇಲ್ಲೇ ಇರುತ್ತೇನೆ ಎಂದೆ. ಅತ್ತೆಯ ಮೇಲಿನ ನಂಬಿಕೆಯಿಂದ ಹೇಳಿದೆನೋ, ಊರಿನ ಮೇಲಿನ ಸಿಟ್ಟಿನಿಂದ ಹೇಳಿದೆನೋ, ಇವತ್ತಿಗೂ ತಿಳಿಯದು.

ಹೆಣ್ಣು ಮಗು ಹುಟ್ಟಿತು. ಕೈಕಾಲು ನೆಟ್ಟಗಿತ್ತು, ಅತ್ತರೆ ಬೀದಿಗೆ ಕೇಳುತ್ತಿತ್ತು. ಪುರುಡು ಕಳೆದ ಮೇಲೆ ಊರ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದರು. ಅವರು ಕೂಸಿನ ಮುಖದಲ್ಲಿ ಏನನ್ನು ಹುಡುಕುತ್ತಿದ್ದಾರೆ ಎಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಒಬ್ಬಳು ಬಗ್ಗಿ ಬಹಳ ಹೊತ್ತು ನೋಡಿ, ನಗುತ್ತಾ, "ಕೂಸು ಯಾರಂಗೆ ಐತೋ ಗೊತ್ತೇ ಆಗಲ್ಲಪ್ಪ" ಎಂದಳು.

ಅತ್ತೆ ಮಗುವನ್ನು ನನ್ನ ಪಕ್ಕದಿಂದ ಎತ್ತಿಕೊಂಡು ಅವಳ ಮುಖದ ಹತ್ತಿರ ಹಿಡಿದರು.

"ನನ್ನಂಗೆ. ಮೂಗು ನೋಡು" ಎಂದರು. "ಸರ್ಯಾಗಿ ನೋಡು."

ಅವಳು ನೋಡಿದಳು, ಹೌದು ಹೌದು ಎಂದಳು. ನಿಜ ಹೇಳಬೇಕೆಂದರೆ ಆ ಮೂಗು ನಮ್ಮಪ್ಪನದು.